ಒಂದೇ ಕಾಲುವೆಯ ರೈವಲ್

ಶಹಾಪುರ

ಹಿರಿಯರಾದ ಹುಲಗಪ್ಪ ಕಾಕಾ ಅವರಿಗೆ ನಮಸ್ಕಾರ.

ನೀರು ಬಳಕೆದಾರರ ಸಂಘದ ಚುನಾವಣೆಯ ದಿನ ಭೀಮರಾಯನಗುಡಿಯಲ್ಲಿ ನೀವು ನನ್ನತ್ತ ಬೆರಳು ತೋರಿಸಿ, "ಈ ಸಾಲಿ ಟೀಚರ್ ನನಗ ರೈವಲ್ ಆಗ್ತಾಳೇನ್ರಿ?" ಎಂದು ಎಲ್ಲರನ್ನೂ ನಗಿಸಿದಿರಿ. ಇಂಗ್ಲಿಷ್ ಕಲಿಸುವವಳಾದ್ದರಿಂದ ಆ ಪದದ ಮೂಲ ಹೇಳುತ್ತೇನೆ. ಲ್ಯಾಟಿನ್ನಿನಲ್ಲಿ ರೀವುಸ್ ಎಂದರೆ ಹಳ್ಳ. ಒಂದೇ ಹಳ್ಳದ ನೀರು ಬಳಸುವ ನೆರೆಯವರನ್ನು ಮೊದಲು ಅದರಿಂದ ಹುಟ್ಟಿದ ರೀವಾಲಿಸ್ ಎಂಬ ಹೆಸರಿನಿಂದ ಕರೆಯುತ್ತಿದ್ದರಂತೆ. ಎದುರಾಳಿ ಎಂಬ ಅರ್ಥ ಆಮೇಲೆ ಬಂತು. ನಾನು ನಿಮಗೆ ಎರಡೂ ಅರ್ಥದಲ್ಲಿ ರೈವಲ್.

ಹೋದ ವರ್ಷ ನೀವು ಕಾಲುವೆಗೆ ಕಲ್ಲು ಜಡಿದು, ಕೆಳಗಿನ ನಮ್ಮ ಹೊಲಕ್ಕೆ ನೀರು ತಡೆದಿರಿ. ಹೂ ಬಿಟ್ಟ ಮೆಣಸಿನ ಗಿಡ ಒಣಗತೊಡಗಿದಾಗ ಅವ್ವ ನಿಮ್ಮನ್ನು ಕೇಳಲು ಬಂದಳು. "ನೀರು ಬೇಕಂದ್ರ ಕಾಲಿಗಿ ಬೀಳು" ಎಂದಿರಿ. ಅವಳು ಬಿದ್ದಳು. ನೀವು ನೀರು ಬಿಡಲಿಲ್ಲ.

ಈಗ ಸಂಘಕ್ಕೆ ನಾನು ಅಧ್ಯಕ್ಷೆ. ಎಂಜಿನಿಯರರನ್ನು ಕರೆತಂದು ನಿನ್ನೆ ಆ ಕಲ್ಲುಗಳನ್ನು ತೆಗೆಸಿದ್ದೇನೆ. ಈ ಹಂಗಾಮಿನಲ್ಲಿ ನೀರಿನ ಪಾಳಿ ಕೊನೆಯ ಹೊಲಗಳಿಂದ ಶುರುವಾಗಬೇಕೆಂದು ಸಭೆ ಒಪ್ಪಿದೆ. ನಿಮ್ಮದು ಎಲ್ಲರ ನಂತರ. ಭತ್ತದ ಸಸಿ ಈಗಲೇ ನೆಡಬೇಡಿ, ಒಣಗುತ್ತದೆ.

ಪಾಳಿ ಮುಂಚೆ ಬೇಕಿದ್ದರೆ ನನ್ನ ಬಳಿ ಬರಬೇಡಿ, ಅವ್ವನನ್ನೇ ಕೇಳಿ. ಅವಳ ಮಾತನ್ನು ನಾನು ಮೀರುವುದಿಲ್ಲ. ಸಂಜೆ ಓಣಿಯ ಹೆಂಗಸರೊಡನೆ ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಈಚೆಗೆ ಅವಳಿಗೆ ಕಿವಿ ಮಂದವಾಗಿದೆ. ಓಣಿಗೆಲ್ಲ ಕೇಳುವಂತೆ ಜೋರಾಗಿ ಬೇಡಬೇಕಾಗುತ್ತದೆ.

ನಿಮ್ಮ ಕೆಳಗಿನ ಹೊಲದ
ರೇಣಮ್ಮ