ಬುಗುರಿಯೂ ನಾನೂ ಮಾಡಿದ ಸಾಫ್ಟ್‌ವೇರ್

ಮನೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ದೊಡ್ಡಮನುಷ್ಯನಿಗೆ,

ಅಮ್ಮನ ನೂರು ಮುದ್ದು, ಜೊತೆಗೆ ಒಂದಿಷ್ಟು ಬೈಗುಳ. ಕೆಮ್ಮು ಇದೆ ಎಂದು ನೀನು ಬರೆದೆ, ಔಷಧಿ ತೆಗೆದುಕೊಂಡೆಯೋ ಇಲ್ಲವೋ ಬರೆಯಲಿಲ್ಲ. ಅಮ್ಮ ಅದನ್ನೇ ನೆನೆಸಿಕೊಂಡು ಒದ್ದಾಡುತ್ತಾಳೆ ಅನ್ನುವ ಪರಿಜ್ಞಾನ ಬೇಡವೇ? ಇನ್ನು ನೀನು ನನ್ನನ್ನು ಬೈಯಬೇಕಾದ ವಿಷಯ. ನಿನ್ನ ಪತ್ರ ಬಂದು ಎಷ್ಟೋ ಕಾಲವಾದ ಮೇಲೆ ಈಗ ಪೆನ್ನು ಹಿಡಿದಿದ್ದೇನೆ. ತಪ್ಪಾಯಿತು ಕಣೋ. ಫೋನಿನ ಸಿಗ್ನಲ್ಲೂ ಸಿಗದ ಕಡೆ ಡೇರೆ ಹಾಕಿಕೊಂಡು, ಬಂಡೆಗಳ ವಯಸ್ಸು ಲೆಕ್ಕ ಹಾಕುತ್ತ ಕೂತ ಮಗ, ಸಾಮಾನೂ ಟಪಾಲೂ ತರುವ ಜೀಪು ಬಂದಾಗಲೆಲ್ಲ ಕತ್ತು ಚಾಚಿ ನೋಡುವ ಹಾಗೆ ಮಾಡಬಾರದಿತ್ತು.

ನಿಮ್ಮಪ್ಪ ಚೆನ್ನಾಗಿದ್ದಾರೆ. ನಿವೃತ್ತಿಯಾದ ಮೇಲೆ ಅಡುಗೆಮನೆಯ ಅಧಿಕಾರ ವಹಿಸಿಕೊಂಡವರು ಈಗ ಬ್ರೆಡ್ ಸುಡುವುದನ್ನು ಕಲಿಯುತ್ತಿದ್ದಾರೆ. ಸುಡುವುದು ಅನ್ನುವ ಮಾತನ್ನು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಮೊನ್ನೆಯ ಬ್ರೆಡ್ಡನ್ನು ಬಾಲ್ಕನಿ ಬಾಗಿಲಿಗೆ ಅಡ್ಡ ಇಟ್ಟೆ, ಎಂಥ ಗಾಳಿಗೂ ಬಾಗಿಲು ಅಲ್ಲಾಡಲಿಲ್ಲ. ನನ್ನ ಮಂಡಿ ಮೊದಲಿನ ಹಾಗೇ ಇದೆ. ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಇನ್ನು ನನ್ನ ಆಫೀಸಿನ ಪುರಾಣ. ಉದ್ದ ಇದೆ, ಕೂತುಕೊಂಡು ಓದು.

ಊರಿನ ದೊಡ್ಡಾಸ್ಪತ್ರೆಯ ರಕ್ತನಿಧಿಗೆ ನಾವು ಸಾಫ್ಟ್‌ವೇರ್ ಮಾಡುತ್ತಿದ್ದದ್ದು ನಿನಗೆ ಗೊತ್ತಲ್ಲ. ಒಂದು ವರ್ಷ ಕೂತು ನಾನು ಅದರ ದಾಖಲೆ ಬರೆದಿದ್ದೆ. ಯಾವ ಪರದೆಯಲ್ಲಿ ಏನಿರಬೇಕು, ಯಾವ ಗುಂಪಿನ ರಕ್ತ ಯಾರಿಗೆ ಹೊಂದುತ್ತದೆ, ಹೊಂದದ ಚೀಲವನ್ನು ಯಾರಾದರೂ ಎತ್ತಿಕೊಂಡರೆ ಕಂಪ್ಯೂಟರ್ ಹೇಗೆ ತಡೆಯಬೇಕು, ಎಲ್ಲವನ್ನೂ ಬರೆದು ರಕ್ತನಿಧಿಯ ಡಾಕ್ಟರಿಂದ ಪುಟಪುಟಕ್ಕೂ ಸಹಿ ಹಾಕಿಸಿದ್ದೆ. ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಎಲ್ಲ ಮುಗಿದ ಮೇಲೆ ಪರೀಕ್ಷೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಕಲಿತ ಕ್ರಮ ಅದು. ಆದರೆ ಕೋಡ್ ಬರೆಯುವ ಹೊತ್ತಿಗೆ ಆಸ್ಪತ್ರೆಯವರ ತಾಳ್ಮೆ ಮುಗಿದಿತ್ತು. "ಏನಾದ್ರೂ ಕಣ್ಣಿಗೆ ತೋರಿಸಿ. ಇಲ್ಲಾಂದ್ರೆ ನಮ್ಮ ಹಳೇ ರಿಜಿಸ್ಟರೇ ಸಾಕು, ನಿಮ್ಮ ಸಹವಾಸ ಬೇಡ" ಎಂದು ಹೇಳಿ ಕಳಿಸಿದರು. ಆ ಕೆಲಸ ಹೋದರೆ ನನ್ನ ತಂಡದ ಅರ್ಧ ಜನ ಮನೆಗೆ ಹೋಗಬೇಕಾಗಿತ್ತು.

ನಮ್ಮ ಬಾಸ್ ನನ್ನನ್ನು ಕೋಣೆಗೆ ಕರೆದರು. "ಅಜೈಲ್ ಪದ್ಧತಿ, ಅಂದ್ರೆ ಸ್ವಲ್ಪ ಸ್ವಲ್ಪ ಮಾಡಿ ತೋರಿಸ್ತಾ ಹೋಗೋದು, ಗೊತ್ತಿರೋರೊಬ್ರನ್ನ ಕರ್ಕೊಂಡು ಬಂದಿದೀನಿ. ಇನ್ಮೇಲೆ ನೀವಿಬ್ರೂ ಸೇರಿ ನಡೆಸಿ" ಅಂದರು. ಬಾಗಿಲು ತೆರೆಯಿತು. ಒಳಗೆ ಬಂದವಳು ಬುಗುರಿ.

ಹೌದು, ನಮ್ಮ ಬುಗುರಿಯೇ. ಒಂದು ಕಡೆ ಕೂರದೆ ಮನೆ ತುಂಬ ಗಿರಗಿರ ತಿರುಗುತ್ತಾಳೆ ಎಂದು ನೀನೇ ಹೆಸರಿಟ್ಟವಳು. ಮೂರು ವರ್ಷದ ಹಿಂದೆ ಜಗಳವೂ ಇಲ್ಲದೆ, ಕೂಗಾಟವೂ ಇಲ್ಲದೆ ನೀವಿಬ್ಬರೂ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ಬೇರೆಯಾದ ಮೇಲೆ ನಾನು ಅವಳನ್ನು ನೋಡಿಯೇ ಇರಲಿಲ್ಲ. ಕೂದಲು ಗಿಡ್ಡ ಮಾಡಿಸಿದ್ದಾಳೆ. ನನ್ನನ್ನು ನೋಡಿ ಅವಳ ಮುಖ ಬಿಳಚಿಕೊಂಡಿತು. ನನ್ನದು ಹೇಗಿತ್ತೋ, ಕನ್ನಡಿ ಇರಲಿಲ್ಲ.

"ಪರಿಚಯ ಮಾಡ್ಕೊಳ್ಳಿ" ಅಂದರು ಬಾಸ್.

"ಪರಿಚಯ ಇದೆ ಸರ್. ಒಂದೇ ಕಡೆ ಇದ್ವಿ ಸ್ವಲ್ಪ ವರ್ಷ" ಅಂದಳು ಅವಳು.

"ಓಹೋ, ಹಾಸ್ಟೆಲಾ?"

ನಮ್ಮಿಬ್ಬರ ವಯಸ್ಸು ನೋಡಿಯೂ ಆ ಮನುಷ್ಯ ಹಾಗೆ ಕೇಳಿದರಲ್ಲ! ಇಬ್ಬರೂ ತುಟಿ ಬಿಗಿಹಿಡಿದು ಹೊರಗೆ ಬಂದೆವು. ಕಾರಿಡಾರಿನಲ್ಲಿ ಅವಳು ಮೆಲ್ಲಗೆ, "ನಿಮಗೆ ಕಷ್ಟ ಆದ್ರೆ ನಾನು ಇವತ್ತೇ ಬೇಡ ಅಂತೀನಿ" ಅಂದಳು. "ಕೆಲಸಕ್ಕೆ ಬಂದಿದೀರಿ, ಕೆಲಸ ಮಾಡಿ" ಅಂದೆ ನಾನು. ಅವಳಿಗೆ 'ನೀವು' ಅನ್ನುವಾಗ ಬಾಯಲ್ಲಿ ಕಲ್ಲು ಸಿಕ್ಕ ಹಾಗಾಯಿತು.

ಸಂಜೆ ನಿಮ್ಮಪ್ಪನಿಗೆ ಹೇಳಿದೆ. ಅವರು ಒಲೆಯ ಮುಂದಿನಿಂದ ತಿರುಗದೆಯೇ, "ಊಟ ಸರಿಯಾಗಿ ಮಾಡ್ತಾಳಂತಾ?" ಎಂದು ಕೇಳಿದರು. ಅಷ್ಟೇ.

ಮರುದಿನದಿಂದ ಶುರುವಾಯಿತು ಅವಳ ಆಳ್ವಿಕೆ. ಗೋಡೆಯ ತುಂಬ ಹಳದಿ, ಗುಲಾಬಿ, ಹಸಿರು ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದೊಂದು ಸಣ್ಣ ಕೆಲಸ. ಎರಡು ವಾರಕ್ಕಾಗುವಷ್ಟು ಚೀಟಿ ಆರಿಸಿಕೊಂಡು ಮಾಡುವುದು, ಆಸ್ಪತ್ರೆಗೆ ಹೋಗಿ ತೋರಿಸುವುದು, ಬೈಸಿಕೊಂಡು ಬಂದು ತಿದ್ದುವುದು, ಮತ್ತೆ ಎರಡು ವಾರ. ಅದಕ್ಕೆ ಸ್ಪ್ರಿಂಟ್ ಅನ್ನುತ್ತಾರೆ. ದಿನಾ ಬೆಳಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡಬೇಕಂತೆ, ಕೂತರೆ ಮಾತು ಉದ್ದವಾಗುತ್ತದಂತೆ. ನಾನು ಕುರ್ಚಿ ಎಳೆದುಕೊಂಡು ನಡುವೆ ಕೂತೆ. "ಇದು ನಿಂತ್ಕೊಂಡು ಮಾಡೋ ಮೀಟಿಂಗು ಅತ್... ಮೇಡಂ" ಅಂದಳು. "ನನ್ನ ಮಂಡಿಗೆ ಅದು ಗೊತ್ತಿಲ್ಲ" ಅಂದೆ. ಹುಡುಗರು ನಕ್ಕರು. ಅವಳೂ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ಯಾವುದೋ ಚೀಟಿ ಸರಿಮಾಡಿದಳು.

ಮೊದಲ ಸಲ ತೋರಿಸಲು ಹೋದ ದಿನ ನನಗೆ ಸರಿಯಾಗಿಯೇ ಬಿತ್ತು. ರಕ್ತನಿಧಿಯ ದೊಡ್ಡ ಸಿಸ್ಟರು ಕೈಗವಸು ಹಾಕಿಕೊಂಡೇ ಬಂದು ಪರದೆ ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದರು, ಪಕ್ಕದ ಗುಂಡಿ ಒತ್ತಿಹೋಯಿತು.

"ಇಷ್ಟು ಚಿಕ್ಕದಾಗಿ ಮಾಡಿದೋರು ಯಾರು ಇದನ್ನ?"

"ಈ ಪರದೆಗೆ ಡಾಕ್ಟರ ಸಹಿ ಆಗಿದೆ ಸಿಸ್ಟರ್" ಅಂದೆ ನಾನು.

"ಡಾಕ್ಟರು ಸಹಿ ಹಾಕಿ ಹೋದ್ರು. ಇಲ್ಲಿ ಕೈಗವಸು ಹಾಕ್ಕೊಂಡು ನಿಲ್ಲೋಳು ನಾನಲ್ವಾ?"

ಬುಗುರಿ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಎರಡು ವಾರದ ಮೇಲೆ ಅದೇ ಪರದೆಯನ್ನು ಅಂಗೈಯಗಲದ ಗುಂಡಿಗಳ ಸಮೇತ ತಂದಿಟ್ಟಳು. ಸಿಸ್ಟರು ಬೆನ್ನು ತಟ್ಟಿದ್ದು ಅವಳಿಗೆ. ನನಗೆ ಹೊಟ್ಟೆಯುರಿಯಲಿಲ್ಲ ಅಂದರೆ ನೀನು ನಂಬುವುದಿಲ್ಲ, ಆದ್ದರಿಂದ ಹಾಗನ್ನುವುದಿಲ್ಲ.

ಮುಂದಿನ ಸಲ ಸಿಸ್ಟರು ಇನ್ನೊಂದು ಕೇಳಿದರು. ಚೀಲ ಹೊರಗೆ ಕೊಡುವ ಮುಂಚೆ ರೋಗಿಯ ಗುಂಪಿಗೂ ಚೀಲದ ಗುಂಪಿಗೂ ತಾಳೆ ನೋಡಲು ನಮ್ಮ ಸಾಫ್ಟ್‌ವೇರ್ ಎರಡನೇ ಸಲ ಸ್ಕ್ಯಾನ್ ಮಾಡಿಸುತ್ತದೆ. "ಅಪಘಾತದ ಕೇಸು ಬಂದಾಗ ಅಷ್ಟು ಹೊತ್ತು ಇರಲ್ಲ. ಒಂದು ತುರ್ತು ಬಟನ್ ಕೊಡಿ" ಅಂದರು. ನ್ಯಾಯವಾದ ಮಾತೇ. ಬುಗುರಿಯ ಹುಡುಗರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದರು, ಚಪ್ಪಾಳೆಯೂ ಆಯಿತು. ನಾನು ನೋಡಿದೆ. ಆ ಬಟನ್ ಒತ್ತಿದರೆ ತಾಳೆ ನೋಡುವುದೇ ನಿಂತುಹೋಗುತ್ತದೆ ಅನಿಸಿತು. ತುರ್ತಿನಲ್ಲಿ ಯಾರಿಗೆ ಬೇಕಾದರೂ ಕೊಡಬಹುದಾದ ಓ ನೆಗೆಟಿವ್ ಚೀಲ ಮಾತ್ರ ಹಾಗೆ ಹೋಗಬೇಕು, ಬೇರೆ ಯಾವುದೂ ಹೋಗಬಾರದು ಎಂದು ನನ್ನ ದಾಖಲೆಯಲ್ಲಿ ಸ್ಪಷ್ಟವಾಗಿತ್ತು. "ನಾನಿರೋವರೆಗೆ ಇದು ಆಸ್ಪತ್ರೆಗೆ ಹೋಗಲ್ಲ" ಅಂದುಬಿಟ್ಟೆ, ಎಲ್ಲರ ಮುಂದೆ.

ಅವಳು ನನ್ನ ಹಿಂದೆಯೇ ಪ್ಯಾಂಟ್ರಿಗೆ ಬಂದು ಬಾಗಿಲು ಹಾಕಿದಳು. "ನೀವು ಯಾವಾಗ್ಲೂ ಎಲ್ಲಾ ಮೊದಲೇ ಬರೆದಿಟ್ಟಿರ್ತೀರಿ. ಆಮೇಲೆ ಬಂದೋರು ಏನಾದ್ರೂ ಹೇಳೋಕೆ ಜಾಗಾನೇ ಇರಲ್ಲ."

"ನಿನಗೇನು, ಸರಿಹೋಗ್ಲಿಲ್ಲ ಅಂದ್ರೆ ಎರಡು ವಾರಕ್ಕೆ ಬದಲಾಯಿಸಿಬಿಡ್ತೀಯ."

ಅಂದಮೇಲೆ ಇಬ್ಬರಿಗೂ ತಿಳಿಯಿತು, ಇದು ಸಾಫ್ಟ್‌ವೇರಿನ ಮಾತಾಗಿ ಉಳಿದಿಲ್ಲ ಎಂದು. ನೀರಿನ ಕೆಟಲ್ ಕುದ್ದು ತಾನೇ ಆಫ್ ಆಯಿತು. ಅವಳು ಲೋಟ ತೊಳೆದು ಬೋರಲು ಹಾಕಿ ಹೊರಟುಹೋದಳು.

ಮರುದಿನ ಬೆಳಗ್ಗೆ ಅವಳು ಕೆಲಸ ಬಿಟ್ಟು ಹೋಗಿರುತ್ತಾಳೆ ಅಂದುಕೊಂಡೇ ಹೋದೆ. ಅವಳು ಎಲ್ಲರಿಗಿಂತ ಮುಂಚೆ ಬಂದು ಕಂಪ್ಯೂಟರ್ ಮುಂದೆ ಕೂತಿದ್ದಳು. ಹೌದು, ಕೂತಿದ್ದಳು! ಸುಳ್ಳು ಹೆಸರಿನ ರೋಗಿಯನ್ನು ಸೇರಿಸಿ, ಅವನ ಗುಂಪು ಎ ಎಂದು ಕೊಟ್ಟು, ಬಿ ಗುಂಪಿನ ಚೀಲ ಸ್ಕ್ಯಾನ್ ಮಾಡಿ ತುರ್ತು ಬಟನ್ ಒತ್ತಿದ್ದಳು. ಪರದೆ ಹಸಿರಾಗಿತ್ತು, ಅಂದರೆ ಚೀಲ ಕೊಡಬಹುದು ಎಂದು. ನಾನು ಒಳಗೆ ಬಂದದ್ದೇ ತಡ, ಇಡೀ ತಂಡದ ಮುಂದೆ, ಬಾಗಿಲಲ್ಲಿ ನಿಂತ ಬಾಸ್ ಮುಂದೆ, ಜೋರಾಗಿ ಅಂದಳು:

"ಅತ್ತೆ, ಬಿಟ್ಟುಬಿಡ್ತು! ನೀವು ಹೇಳಿದ್ದು ಸರಿ. ಆ ಮನುಷ್ಯ ಸತ್ತೇಹೋಗ್ತಿದ್ದ."

ಬಾಸ್, "ಅತ್ತೆಯಾ? ಹಾಸ್ಟೆಲ್ ಅಂದಿದ್ರಿ?" ಅಂದರು.

"ಹಾಸ್ಟೆಲ್ ಅಂದಿದ್ದು ನೀವು ಸರ್" ಅಂದೆ ನಾನು.

ಕೋಣೆಯೆಲ್ಲ ನಕ್ಕಿತು. ಅವಳು ಮಾತ್ರ ಆ ಹಸಿರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಕೂತು, "ಬಟನ್ ಬೇಕೇ ಬೇಕು ಕಣೆ. ಸಿಸ್ಟರು ಹೇಳಿದ್ದು ತಪ್ಪಲ್ಲ. ನಾನು ಅದನ್ನ ಬರೆದಿದ್ದೆ, ಆದರೆ ನಾಲ್ಕು ಪರದೆ ದಾಟಿ ಹೋಗಬೇಕಾದ ಕಡೆ ಇಟ್ಟಿದ್ದೆ. ಕೈಯಲ್ಲಿ ರಕ್ತದ ಚೀಲ ಹಿಡಿದೋರು ಅಲ್ಲಿಗೆ ಯಾವಾಗ ಹೋಗ್ತಾರೆ?" ಅಂದೆ. ಅವಳು ನನ್ನ ದಾಖಲೆಯನ್ನು ಮೊದಲ ಪುಟದಿಂದ ತೆರೆದಳು. ಅವತ್ತು ಇಬ್ಬರೂ ಬೇರೆ ಕೆಲಸ ಮಾಡಲಿಲ್ಲ.

ಕೊನೆಗೆ ನಿಂತ ತೀರ್ಮಾನ ಹೀಗೆ. ರಕ್ತದ ಗುಂಪು, ತಾಳೆ ನೋಡುವುದು, ಚೀಲದ ಅವಧಿ, ಅಂದರೆ ಜೀವಕ್ಕೆ ಸಂಬಂಧಪಟ್ಟ ನಿಯಮಗಳೆಲ್ಲ ನನ್ನ ಹಳೇ ಕ್ರಮದಲ್ಲಿ. ಬರೆದು, ಡಾಕ್ಟರ ಸಹಿಯಾಗಿ, ಪರೀಕ್ಷೆಯಾಗದೆ ಯಾರೂ ಒಂದಕ್ಷರ ಮುಟ್ಟುವ ಹಾಗಿಲ್ಲ. ಪರದೆಗಳು, ಗುಂಡಿಗಳು, ರಕ್ತದಾನಿಗಳಿಗೆ ಹೋಗುವ ಸಂದೇಶಗಳು ಅವಳ ಕ್ರಮದಲ್ಲಿ, ಎರಡು ವಾರಕ್ಕೊಮ್ಮೆ ಸಿಸ್ಟರ ಮುಂದೆ. ಅಲ್ಲಿಗೆ ಬಿಡಲಿಲ್ಲ ನಿನ್ನ ಬುಗುರಿ. "ನಿಮ್ಮ ನಿಯಮಾನೂ ಕೊನೇವರೆಗೆ ಕಾಯಬಾರದು, ಪ್ರತಿ ಸ್ಪ್ರಿಂಟಲ್ಲೂ ಪರೀಕ್ಷೆ ಆಗ್ಲಿ" ಅಂದಳು. ಒಪ್ಪಿದೆ. "ನಿನ್ನ ಚೀಟಿ ಎಷ್ಟು ಬೇಕಾದ್ರೂ ತಿರುಗಲಿ, ಆಸ್ಪತ್ರೆಗೆ ಕೊಡೋ ದಿನಾಂಕ ತಿರುಗಬಾರದು" ಅಂದೆ ನಾನು. ಅವಳು ತಲೆ ಕೆರೆದುಕೊಂಡು ಒಪ್ಪಿದಳು. "ಇದಕ್ಕೇನಂತಾರೆ?" ಎಂದು ಬಾಸ್ ಕೇಳಿದರೆ, "ಹೈಬ್ರಿಡ್ ಅಂತಾರೆ ಸರ್" ಅಂದಳು. ಇಷ್ಟು ಕಷ್ಟಪಟ್ಟದ್ದಕ್ಕೆ ಮೊದಲೇ ಒಂದು ಹೆಸರಿತ್ತು ಎಂದು ನನಗೆ ಅವತ್ತೇ ಗೊತ್ತಾದದ್ದು!

ಕಳೆದ ತಿಂಗಳು ರಕ್ತನಿಧಿ ಹೊಸ ವ್ಯವಸ್ಥೆಗೆ ಬದಲಾಯಿತು. ಡಾಕ್ಟರು ರಿಜಿಸ್ಟರನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ ಅಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಅದರ ಮೇಲೆ ಟೀ ಲೋಟ ಇಟ್ಟಿದ್ದರು. ಒಮ್ಮೆ ಹೊಂದದ ಚೀಲ ಸ್ಕ್ಯಾನ್ ಆದಾಗ ಪರದೆ ಕೆಂಪಾಗಿ ಕೂಗಿಕೊಂಡಿತು. ಬುಗುರಿ ನನ್ನ ಮೊಣಕೈ ಹಿಡಿದುಕೊಂಡಳು. ಸಿಸ್ಟರು ಚೀಲವನ್ನು ವಾಪಸ್ಸಿಟ್ಟು ಸರಿಯಾದದ್ದು ತೆಗೆದರು. "ಎಲ್ಲಾ ಸರಿ, ಈ ಕೂಗು ಮಾತ್ರ ಬೆಕ್ಕಿನ ಬಾಲ ತುಳಿದ ಹಾಗಿದೆ" ಅಂದರು. "ಎರಡು ವಾರ ಕೊಡಿ ಸಿಸ್ಟರ್" ಎಂದವಳು ನಾನು! ನನ್ನ ತಂಡದಲ್ಲಿ ಯಾರೂ ಮನೆಗೆ ಹೋಗಲಿಲ್ಲ. ನನ್ನ ಕುರ್ಚಿ ಈಗಲೂ ಮೀಟಿಂಗಿನ ನಡುವೆಯೇ ಇದೆ, ಬೆಳಗ್ಗೆ ಯಾರಾದರೊಬ್ಬರು ಮುಂಚೆಯೇ ತಂದಿಟ್ಟಿರುತ್ತಾರೆ.

ಸರಿ, ನಿಮ್ಮಪ್ಪ ಊಟಕ್ಕೆ ಕೂಗುತ್ತಿದ್ದಾರೆ. ಸುಟ್ಟ ವಾಸನೆಯಿಲ್ಲ, ಇವತ್ತು ಅದೃಷ್ಟ. ಬಿಸಿನೀರು ಕುಡಿ. ಒದ್ದೆ ಸಾಕ್ಸ್ ಹಾಕಿಕೊಳ್ಳಬೇಡ. ಗುಡ್ಡ ಹತ್ತುವಾಗ ಜೊತೆಗೆ ಒಬ್ಬರನ್ನಾದರೂ ಕರೆದುಕೊಂಡು ಹೋಗು. ನಿನ್ನ ಕೈಗೆ ಒಳ್ಳೆಯ ಕೆಲಸ, ಹೊಟ್ಟೆಗೆ ಬಿಸಿ ಊಟ, ಕಣ್ತುಂಬ ನಿದ್ದೆ ಸಿಗಲಿ. ನಾವಿಬ್ಬರೂ ಬೇಡುವುದು ಇಷ್ಟೇ.

ನಿನ್ನ
ಅಮ್ಮ

ಮರೆತಿದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಕಳೆದ ತಿಂಗಳು ಒಂದು ಭಾನುವಾರ ಬುಗುರಿ ಮನೆಗೆ ಬಂದಿದ್ದಳು. ಮುಂದಿನ ತಿಂಗಳು ಅವಳ ಮದುವೆ. ಹುಡುಗ ಶಾಲೆಯಲ್ಲಿ ಈಜು ಕಲಿಸುತ್ತಾನಂತೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಆಮೇಲೆ ಹತ್ತು ಜನಕ್ಕೆ ಊಟ. "ಬೇರೆ ಯಾರಿಂದಲೋ ಅವನಿಗೆ ಗೊತ್ತಾಗೋದು ಬೇಡ, ನೀವೇ ಹೇಳಿ" ಅಂದಳು. ಅವತ್ತು ತನ್ನ ಪಕ್ಕ ನಿಲ್ಲಲು ಬನ್ನಿ ಎಂದೂ ಕರೆದಳು. ಅವಳಿಗೆ ತಾಯಿಯಿಲ್ಲ, ನಿನಗೇ ಗೊತ್ತು. ಪತ್ರ ತಡವಾಗಲು ಆಫೀಸು ಕಾರಣವಲ್ಲ ಕಂದ, ಇದು. ನಿನ್ನ ಹಿಂದಿನ ಪತ್ರದಲ್ಲಿ ನೀನು ಒಂದು ಸಾಲು ಬರೆದು ಹೊಡೆದುಹಾಕಿದ್ದೆ. ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು: "ಅವಳ ಸುದ್ದಿ ಏನಾದರೂ ಗೊತ್ತಾ ಅಮ್ಮ?" ಇಷ್ಟು ತಿಂಗಳು ಅವಳು ಪಕ್ಕದಲ್ಲಿ ಕೂತಿದ್ದಾಗ ನನ್ನೊಳಗೂ ಅಂಥದೇ ಒಂದು ಆಸೆ ಸುಮ್ಮನೆ ಬೆಳೆಯುತ್ತಿತ್ತು. ನಿನಗೆ ನೋವಾದರೆ ಹೋಗುವುದಿಲ್ಲ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ನಾನು ಹೋಗುತ್ತೇನೆ. ಅವಳ ಪಕ್ಕ ನಿಂತು ನಗುತ್ತೇನೆ, ಅದು ಸುಳ್ಳು ನಗುವೂ ಅಲ್ಲ. ಆದರೆ ಮನೆಗೆ ಬಂದ ಮೇಲೆ ನಿನ್ನನ್ನು ನೋಡಬೇಕು ಅನಿಸುತ್ತದೆ. ರಜೆ ಸಿಕ್ಕಿದರೆ ಬಾ. ಇಂಥ ದಿನ ಬರುತ್ತೇನೆ ಎಂದು ತಿಳಿಸಲೂ ಬೇಡ, ಸುಮ್ಮನೆ ಬಂದು ಬಾಗಿಲು ತಟ್ಟು.