ಬೋದಿಲ್‌ಳ ಸ್ವಂತ ಉಸಿರು

ಕೋಪನ್‌ಹೇಗನ್,
೨೩ ನವೆಂಬರ್ ೧೯೫೨

ಪ್ರೀತಿಯ ಅಮ್ಮ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈದರೂ ಅಡ್ಡಿಯಿಲ್ಲ, ನಿನ್ನ ಬೈಗುಳ ಕೇಳಿ ಬಹಳ ದಿನವಾಯಿತು. ನೀನು ಕಳಿಸಿದ ರೈ ಬ್ರೆಡ್ಡು, ಹೊಗೆಯಾಡಿಸಿದ ಮೀನನ್ನು ನಾವೆಲ್ಲ ಸೇರಿ ಒಂದೇ ಸಂಜೆಗೆ ಖಾಲಿ ಮಾಡಿದೆವು. ಬೀಟ್ ಗಡ್ಡೆ ಕಿತ್ತು ಮುಗಿಯಿತೇ? ಅಪ್ಪನ ಸೊಂಟ ಹೇಗಿದೆ?

ನಮ್ಮ ಪಾಠಗಳು ಅರ್ಧಕ್ಕರ್ಧ ನಿಂತಿವೆ. ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಪೋಲಿಯೋ ವಾರ್ಡಿನಲ್ಲಿ ಪಾಳಿ ಮಾಡುತ್ತಿದ್ದೇವೆ. ಕೆಲಸ ಏನೆಂದು ಹೇಳಿದರೆ ನಗುತ್ತೀಯ: ರಬ್ಬರ್ ಚೀಲ ಹಿಚುಕುವುದು. ಎದೆಯ ಸ್ನಾಯು ಸೋತು ಉಸಿರೆಳೆಯಲಾಗದ ಮಕ್ಕಳ ಗಂಟಲಿಗೆ ಸಣ್ಣ ತೂತು ಮಾಡಿ ಕೊಳವೆ ಇಟ್ಟಿದ್ದಾರೆ. ಅದರ ತುದಿಗೆ ಚೀಲ. ನಾವು ಹಿಚುಕಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಊಟಕ್ಕೆ ಏಳಬೇಕಾದರೂ ಇನ್ನೊಬ್ಬರು ಬಂದು ಚೀಲ ಹಿಡಿದ ಮೇಲೆಯೇ. ಮೊನ್ನೆ ಚರ್ಚಿನಲ್ಲಿ ಪ್ರಾರ್ಥನೆ ಪುಸ್ತಕವನ್ನೂ ಅದೇ ಲಯದಲ್ಲಿ ಹಿಚುಕುತ್ತಿದ್ದೆನಂತೆ. ಪಕ್ಕದ ಮುದುಕಿ ಸರಿದು ಕೂತಳು.

ನನ್ನ ಪಾಲಿಗೆ ಬಂದವಳು ಬೋದಿಲ್, ಬೇಕರಿಯವನ ಮಗಳು, ಎಂಟು ವರ್ಷದವಳು. ಕೊಳವೆಯಿಂದಾಗಿ ದನಿ ಹೊರಡದು, ತುಟಿ ಮಾತ್ರ ಆಡಿಸುತ್ತಾಳೆ. ಅಷ್ಟರಲ್ಲೇ ಏನು ಗತ್ತು ಅಂತೀಯ. ಕಣ್ಣು ಮುಚ್ಚಿದ್ದರೂ ಚೀಲ ಯಾರ ಕೈಯಲ್ಲಿದೆ ಎಂದು ಹೇಳಿಬಿಡುತ್ತಾಳೆ. ನನಗೆ ಅವಳಿಟ್ಟ ಹೆಸರು ‘ಅವಸರದಕ್ಕ’. ನನ್ನ ಸಹಪಾಠಿ ಪ್ರೆಬೆನ್ ‘ಸೋಮಾರಿಯಣ್ಣ’. ಅವನು ನಿಜಕ್ಕೂ ಸೋಮಾರಿ, ಅದರ ಮೇಲೆ ಹರಟೆಮಲ್ಲ. ಅವನ ಕೈಗೆ ಮಗುವನ್ನು ಬಿಟ್ಟುಹೋಗಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಕಳೆದ ವಾರ ಏನಾಯಿತು ಕೇಳು. ದೊಡ್ಡ ಡಾಕ್ಟರು ಬಂದು, ಇಷ್ಟು ದಿನವಾದರೂ ಸ್ವಂತ ಉಸಿರಿನ ಸುಳಿವಿಲ್ಲ, ಇನ್ನು ಬರಲಾರದೇನೋ ಎಂದು ಮೆಲ್ಲಗೆ ಹೇಳಿಹೋದರು. ಸೋಂಕಿನ ಭಯಕ್ಕೆ ಕಿಟಕಿಯ ಗಾಜಿನಾಚೆಯೇ ನಿಲ್ಲಿಸಿದ್ದ ಅವಳ ತಾಯಿಗೆ ನಾನು ಮುಖ ತೋರಿಸಲಾರದೆ ಹೋದೆ. ಮರುದಿನ ನನ್ನ ಪಾಳಿ ಮುಗಿದು ಪ್ರೆಬೆನ್ ಚೀಲ ಹಿಡಿದ. ಪಾದ್ರಿಯ ಹಂದಿ ಕಳುವಾದ ಯಾವುದೋ ಕಥೆ ಹೇಳುತ್ತ, ನಗು ಬರುವ ಜಾಗಕ್ಕೆ ಬಂದಾಗ ಮಹಾಶಯ ಕೈಯನ್ನೇ ನಿಲ್ಲಿಸಿಬಿಟ್ಟ. ನಾನು ಚೀಲ ಕಿತ್ತುಕೊಳ್ಳಲು ಹಾರಿದೆ. ಅವನು ತೋಳು ಅಡ್ಡ ಹಿಡಿದ. ಬೋದಿಲ್‌ಳ ಎದೆ ತಾನಾಗಿಯೇ ಒಂದಿಷ್ಟು ಎದ್ದಿತು.

“ನೋಡ್ದೇನೇ? ಅವಳು ಎಳೀತಿದಾಳೆ. ನೀನು ಹಸಿವಾಗೋಕ್ ಮುಂಚೇನೇ ತುತ್ತು ತುರುಕೋ ಅಜ್ಜಿ ಥರ. ಉಸಿರಾಡೋಕೆ ಅವಳಿಗೆ ಪುರುಸೊತ್ತೆಲ್ಲಿ ಕೊಟ್ಟೆ?”

ಮೈಯೆಲ್ಲ ಉರಿಯಿತು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಅವಳ ಪುಟ್ಟ ಪ್ರಯತ್ನವನ್ನೆಲ್ಲ ನನ್ನ ಅಕ್ಕರೆಯ ಕೈ ಮುಚ್ಚಿಹಾಕುತ್ತಿತ್ತು. ಈಗ ನಿಯಮ ಬದಲಾಗಿದೆ. ಮೊದಲು ಅವಳು ಎಳೆಯಬೇಕು, ಆಮೇಲೆ ನಾವು ಕೈ ಕೂಡಿಸಬೇಕು. ಅವಳ ಹಣೆ ಬೆವರುತ್ತದೆ, ಕಣ್ಣಲ್ಲಿ ಹೆದರಿಕೆ ತುಂಬುತ್ತದೆ. ಸಾಕೇ ಎಂದು ಕೇಳಿದರೆ ತುಟಿ ಆಡಿಸುತ್ತಾಳೆ: “ಇನ್ನೊಂದ್ಸಲ.” ಅಮ್ಮ, ಎಂಥ ಗಟ್ಟಿ ಪಿಂಡ ಗೊತ್ತೇ. ನಾನು ಇಷ್ಟು ವರ್ಷ ಓದಿದ್ದರಲ್ಲಿ ಇಂಥ ಧೈರ್ಯದ ಪಾಠ ಎಲ್ಲೂ ಇರಲಿಲ್ಲ.

ಇಂದು ಅವಳ ತಾಯಿಯನ್ನು ಒಳಗೆ ಬಿಟ್ಟರು. ತಾಯಿ ಒಂದು ಹಾಡು ಹೇಳಿ ಮುಗಿಸುವವರೆಗೂ ಬೋದಿಲ್ ಯಾರ ಸಹಾಯವೂ ಇಲ್ಲದೆ ಉಸಿರಾಡಿದಳು. ನನ್ನ ಕೈ ಎಲ್ಲಿ ಚೀಲಕ್ಕೆ ಹೋಗುತ್ತದೋ ಎಂದು ಪ್ರೆಬೆನ್ ನನ್ನ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದ. ನಗಬೇಡ, ನೀನಂದುಕೊಂಡ ಹಾಗೇನೂ ಇಲ್ಲ.

ಅಪ್ಪನಿಗೆ ನನ್ನ ಪ್ರೀತಿ ಹೇಳು. ಈ ಚಳಿಗಾಲದಲ್ಲಿ ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಮಗಳು,
ಆಸ್ಟಾ

ತಾ.ಕ.: ಊರಿಗೇಕೆ ಬರುತ್ತಿಲ್ಲ ಎಂದು ಎರಡು ಪತ್ರದಲ್ಲೂ ಕೇಳಿದ್ದೀಯ. ಬಂದರೆ ನಿನ್ನ ಮುಖ ನೋಡಿಕೊಂಡು ಇದನ್ನು ಹೇಳಬೇಕಲ್ಲ ಎಂಬ ಭಯ. ಅಪ್ಪನಿಗೆ ಓದಿ ಹೇಳಬೇಡ. ಆಗಸ್ಟ್ ಮೊದಲಲ್ಲಿ, ರಜೆಗೆಂದು ನನ್ನ ಬಳಿ ಬಂದಿದ್ದ ನಮ್ಮ ಐನರ್ ಇದೇ ವಾರ್ಡಿನಲ್ಲಿ ಉಸಿರು ಕಟ್ಟಿ ತೀರಿಹೋದಾಗ, ಮಾಡುವುದಕ್ಕೆ ಏನೂ ಇರಲಿಲ್ಲ ಎಂದರು ಡಾಕ್ಟರು. ನೀನು ನಂಬಿದೆ, ನಾನೂ ನಂಬಿದೆ. ಅವರೇನೂ ಸುಳ್ಳು ಹೇಳಲಿಲ್ಲ, ಆಗ ಯಾರಿಗೂ ಈ ಉಪಾಯ ಹೊಳೆದಿರಲಿಲ್ಲ. ಆ ತಿಂಗಳು ಮುಗಿಯುವಷ್ಟರಲ್ಲಿ ಹೊಳೆಯಿತು. ಆದರೆ ಈ ಚೀಲ ಹೊಸದೇನಲ್ಲಮ್ಮ. ಆಪರೇಷನ್ನಿನಲ್ಲಿ ಅರಿವಳಿಕೆ ಕೊಡುವಾಗ ಎಷ್ಟೋ ವರ್ಷದಿಂದ ಬಳಸುತ್ತಿದ್ದುದೇ. ಅಂದು ನಾನು ತಮ್ಮನ ಪಕ್ಕದಲ್ಲಿ ಏನೂ ತೋಚದೆ ಕೂತಿದ್ದೆ. ಚೀಲ ಹತ್ತಿರದಲ್ಲೇ ಎಲ್ಲೋ ಗೂಟಕ್ಕೆ ನೇತಾಡುತ್ತಿತ್ತು.