ಎತ್ತಬೇಡಿ, ಒಂದೇ ರಿಂಗ್

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಮತ್ತೆ ರೆಕಾರ್ಡಿಂಗ್. ಹಾಲಿನ ಸಂಘದ ಹಿಂದಿನ ಕೋಣೆ. ಬಾಗಿಲು ಮುಚ್ಚಿದರೂ ಕ್ಯಾನುಗಳ ಸದ್ದು. ಕೊನೆಗೂ ಸರಿಯಾಗಿ ಬಂತು: “ಹದಿನೈದನೇ ತಾರೀಕು ಬೆಳಿಗ್ಗೆ ದನದ ಡಾಕ್ಟರು ಬರುತ್ತಾರೆ. ಹಸು, ಮೇಕೆಗಳಿಗೆ ಲಸಿಕೆ. ಶಾಲೆಯ ಮುಂದೆ ಕರೆತನ್ನಿ.” ಮೊದಲು ‘ಆದಕಾರಣ’ ಎಂದೊಂದು ಇತ್ತು. ತೆಗೆದೆ. ಅನುವಾದದ ಕಾದಂಬರಿ ಓದಿ ಓದಿ ಅಂಟಿದ ಚಟ — ಒಂದು ಪದ ಹೆಚ್ಚಾದರೂ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ವ್ಯವಸ್ಥೆ ಸರಳ. ಊರಿನವರು ಸಂಘದ ನಂಬರಿಗೆ ಮಿಸ್ ಕಾಲ್ ಕೊಡಬೇಕು. ನಂಬರೇ ತಿರುಗಿ ಕರೆಯುತ್ತದೆ. ಎತ್ತಿದರೆ ನನ್ನ ದನಿಯಲ್ಲಿ ಆ ದಿನದ ಸುದ್ದಿ. ಪುಕ್ಕಟೆ.

ಹೋದ ಸಲ ಡಾಕ್ಟರು ಮರದ ಕೆಳಗೆ ಕೂತು ಕೂತು ಎದ್ದುಹೋದರು. ಬಂದದ್ದು ಮೂರು ಮೇಕೆ. “ಇನ್ನೊಂದ್ಸಲ ನೋಡ್ತೀನಮ್ಮ. ಆಗ್ಲೂ ಹೀಗೇ ಆದ್ರೆ ನಿಮ್ಮೂರನ್ನ ಕೈಬಿಡ್ತೀನಿ. ಗುಡ್ಡದಾಚೆ ಆಸ್ಪತ್ರೆಗೆ ನೀವೇ ಹೊಡ್ಕೊಂಡು ಬನ್ನಿ.”

ಕಾಯಿಲೆ ಬಿದ್ದ ಹಸು ಗುಡ್ಡ ಹತ್ತೀತೆ?

ಫೆಬ್ರವರಿ 5, ಬುಧವಾರ

ಮಿಸ್ ಕಾಲ್‌ಗಳ ಸುರಿಮಳೆ! ಪರದೆ ತುಂಬ ನಂಬರುಗಳು. ಹೊಲಿಗೆಯವಳು, ಗಿರಣಿಯವನು, ಮೇಷ್ಟ್ರ ಹೆಂಡತಿ… ಎಲ್ಲರೂ. ಅತ್ತೆಗೆ ಹೇಳಿದೆ. “ಆಗ್ದೆ ಏನು” ಎಂದು ನಕ್ಕರು. ಆ ನಗುವಿನಲ್ಲಿ ಏನೋ ಇತ್ತು. ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ಫೆಬ್ರವರಿ 11, ಮಂಗಳವಾರ

ಪರದೆಯ ಬಲಗಡೆಯ ಕಾಲಮ್ಮನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ. ‘ಕರೆ ಎತ್ತಿದವರು.’ ಖಾಲಿ.

ಒಬ್ಬರೂ ಎತ್ತಿಲ್ಲ. ಲಸಿಕೆಯ ಸುದ್ದಿ ಯಾರ ಕಿವಿಗೂ ಬಿದ್ದಿಲ್ಲ.

ನನ್ನ ದನಿಯೇ ಸರಿಯಿಲ್ಲವೇನೋ. ನಮ್ಮ ಮನೆಯವರನ್ನು ಕೇಳಿದೆ. “ದನಿಗೇನಾಗಿದೆ, ಚೆನ್ನಾಗೇ ಇದೆಯಲ್ಲ” ಎಂದರು. ಇವರೂ ಎತ್ತಿರಲಿಲ್ಲ.

ಫೆಬ್ರವರಿ 12, ಬುಧವಾರ. ಸಂಜೆ

ಅಡುಗೆಮನೆ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು. ಮಧ್ಯೆ ಫೋನ್ ತೆಗೆದು ಸಂಘಕ್ಕೆ ಮಿಸ್ ಕಾಲ್ ಕೊಟ್ಟು, ಹಿಟ್ಟಿನ ಡಬ್ಬಿಯ ಮೇಲೆ ಇಟ್ಟರು. ನಂಬರು ತಿರುಗಿ ಕರೆಯಿತು. ಅತ್ತೆ ಈರುಳ್ಳಿ ಬಿಡಲಿಲ್ಲ.

“ಎತ್ತಿ ಅತ್ತೆ!”

“ಯಾಕೇ?”

“ಫೋನ್ ಬರ್ತಿದೆ!”

“ಬಂತಲ್ಲ, ಮುಗೀತು. ನಾನು ಕೊಟ್ಟೆ, ಅದು ತಿರುಗಿ ಕೊಡ್ತು. ಮುಟ್ತು ಅಂತ ಅರ್ಥ. ಮಿಸ್ ಕಾಲ್ ಎತ್ತೋದು ಮರ್ಯಾದೆನಾ?”

“ಮತ್ತೆ ದಿನಾ ಯಾಕೆ ಕೊಡ್ತೀರಿ?”

“ನಿನ್ನ ಕೆಲ್ಸ ಉಳೀಲಿ ಅಂತ ಕಣೇ! ನಲ್ಲಿ ಹತ್ರ ಎಲ್ರಿಗೂ ಹೇಳಿಟ್ಟಿದೀನಿ — ನಮ್ಮ ಸೊಸೆಗೆ ದಿನಕ್ಕೊಂದು ಹಾಕ್ರೇ ಅಂತ. ಪಾಪ, ಯಾರೂ ತಪ್ಸಿಲ್ಲ.”

ನಿಂತಲ್ಲೇ ನಿಂತೆ. ಈ ಊರಲ್ಲಿ ಒಂದು ರಿಂಗ್ ಎಂದರೆ ‘ಹೊರಟೆ’, ‘ಮುಟ್ಟಿದೆ’, ‘ಊಟಕ್ಕೆ ಬಾ’. ಯಾವುದು ಎಂದು ಆ ಹೊತ್ತೇ ಹೇಳುತ್ತದೆ. ಎತ್ತುವವನು ಪೆದ್ದ. ಮದುವೆಯಾಗಿ ಬಂದಾಗಿನಿಂದ ನಾನೂ ಅತ್ತೆಯ ಒಂದು ರಿಂಗಿಗೇ ಪುಸ್ತಕ ಮಡಚಿಟ್ಟು ಊಟಕ್ಕೆ ಏಳುತ್ತಿದ್ದೇನೆ. ಹೊಳೆಯಲಿಲ್ಲ!

ಹಾಲು ಉಕ್ಕಿತು. ಇಬ್ಬರೂ ನೋಡಲಿಲ್ಲ. ನಗುತ್ತಿದ್ದೆವು.

ಫೆಬ್ರವರಿ 14, ಶುಕ್ರವಾರ

ತೀರ್ಮಾನ: ನಾಳೆ ಜೀಪು ಬಂದ ಕೂಡಲೇ ಸಂಘದ ನಂಬರಿನಿಂದ ಇಡೀ ಊರಿಗೆ ಒಂದೇ ರಿಂಗ್. ಕೈತಪ್ಪಿ ಎತ್ತಿದವರಿಗೆ ರೆಕಾರ್ಡಿಂಗ್ ಇದ್ದೇ ಇದೆ.

ಪ್ರಚಾರ ಅತ್ತೆಯದು. ನಲ್ಲಿಯ ಹತ್ತಿರ ಅವರ ಗಂಟಲು ಸಂಘದವರೆಗೂ ಕೇಳಿಸಿತು. “ಎತ್ತಬೇಡಿ! ಒಂದು ರಿಂಗ್ ಬಂತೋ, ಡಾಕ್ಟ್ರು ಬಂದ್ರು ಅಂತ. ಹಗ್ಗ ಬಿಚ್ಚಿ, ಹೊರಡಿ!”

ಎಲ್ಲರೂ ತಲೆಯಾಡಿಸಿದರಂತೆ. ತಲೆಯಾಡಿಸುವುದಕ್ಕೇನು.

ಕಾದಂಬರಿ ತೆರೆದೆ. ಒಂದೇ ಪುಟ, ಮತ್ತೆ ಮತ್ತೆ.

ಫೆಬ್ರವರಿ 15, ಶನಿವಾರ. ಮಧ್ಯಾಹ್ನ

ಊಟ ಬಿಟ್ಟು ಬರೆಯಲು ಕೂತಿದ್ದೇನೆ — ಖುಷಿಗೆ.

ಜೀಪು ಬಂತು. ಬಟನ್ ಒತ್ತಿದೆ. ಬೀದಿಯುದ್ದಕ್ಕೂ ಮನೆಯಿಂದ ಮನೆಗೆ ಒಂದೊಂದೇ ರಿಂಗ್. ಆಮೇಲೆ ಮೌನ. ಒಂದು ಬಾಗಿಲೂ ಅಲ್ಲಾಡಲಿಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡರು.

ಆಗ ಎಲ್ಲೋ ಒಂದು ಕೊರಳಗಂಟೆ. ಇನ್ನೊಂದು. ನೋಡನೋಡುತ್ತ ಬೀದಿ ತುಂಬ ಹಸು, ಎಮ್ಮೆ, ಮೇಕೆ. ಹೊಲಿಗೆಯವಳ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಡಾಕ್ಟರ ಸಿರಿಂಜು ಸಾಲದೆ ಜೀಪು ಮತ್ತೆ ಗುಡ್ಡದಾಚೆ ಹೋಗಿ ಬಂತು. “ಏನಮ್ಮ, ಸಂತೆ ಸೇರಿಸಿದೀರಲ್ಲ!”

ಎಲ್ಲರಿಗಿಂತ ಕೊನೆಗೆ ಗಿರಣಿಯವನು, ಮೈಯೆಲ್ಲ ಹಿಟ್ಟು, ಕಂಕುಳಲ್ಲಿ ಮೇಕೆಮರಿ. “ಎತ್ಬಿಟ್ಟೆ ಕಣಕ್ಕ.”

“ಅಷ್ಟು ಬಡ್ಕೊಂಡ್ರೂ ಎತ್ತಿದ್ಯಾ! ತಲೇಲೂ ಹಿಟ್ಟೇನಾ?” — ಅತ್ತೆ.

“ಕೈ ತಾನೇ ಹೋಯ್ತಮ್ಮ. ಆದ್ರೆ ಚೆನ್ನಾಗಿ ಹೇಳ್ತಾರೆ, ಪೂರ್ತಿ ಕೇಳ್ದೆ.” ನನ್ನ ಕಡೆ ತಿರುಗಿದ. “ನಾಳೆ ಏನಕ್ಕ ಸುದ್ದಿ?”

ನನ್ನ ಮೊದಲ ಕೇಳುಗ. ಮೇಕೆಮರಿಯ ತಲೆ ಸವರಿದೆ.

ಹೊರಡುವಾಗ ಡಾಕ್ಟರು: “ಒಂದ್ಸಲ ಅಲ್ಲ, ತಿಂಗಳು ತಿಂಗಳು ಬರಬೇಕು ಇಲ್ಲಿಗೆ. ಸೋಮವಾರ ಮೇಲಿನವರನ್ನ ಕೇಳ್ತೀನಿ. ಒಪ್ಪಿದ್ರೆ ಫೋನ್ ಮಾಡಿ ಎಲ್ಲಾ ವಿವರವಾಗಿ —”

“ವಿವರ ಯಾಕೆ ಡಾಕ್ಟ್ರೇ?” ಅತ್ತೆ ತಡೆದರು. “ಒಪ್ಪಿದ್ರೆ ಒಂದು ರಿಂಗ್ ಕೊಡಿ, ಸಾಕು.”

ಫೆಬ್ರವರಿ 17, ಸೋಮವಾರ. ಸಂಜೆ

ಇಡೀ ದಿನ ಏನೂ ಇಲ್ಲ. ನನ್ನ ಫೋನು ಮೇಜಿನ ಮೇಲೆ, ಅತ್ತೆ ಎದುರಿಗೆ. ಒಲೆ ಹಚ್ಚಲೂ ಹೋಗಿಲ್ಲ. ತಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ: “ನೋಡ್ಕೋ, ರಿಂಗ್ ಬಂದ್ರೆ ಅದು ನನ್ನ ಊಟದ ರಿಂಗ್ ಅಲ್ಲ, ನಾನು ಬಟನ್ ಮುಟ್ತಾ ಇಲ್ಲ.”

ನಾಳೆಯ ಸುದ್ದಿ ತಿದ್ದುತ್ತಿರುವ ಹಾಗೆ ನಟಿಸುತ್ತ ಇದನ್ನು ಬರೆಯುತ್ತಿದ್ದೇನೆ. ಗಿರಣಿಯವನಿಗಾಗಿ ಮೊದಲ ವಾಕ್ಯ ಸ್ವಲ್ಪ

ರಿಂಗ್.

ಒಂದೇ. ನಿಂತಿತು.

“ಎತ್ತಬೇಡ ಕಣೇ!” ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ನಲ್ಲಿಯ ಕಡೆ —